ಕಡಲಾಮೆಯ ಪಾಠಕ್ಕೆ ವೇದಾವತಿಯ ಮರಳು

ಬಯಲುಸೀಮೆಯ ಶಾಲೆಯಲ್ಲಿ ಕಡಲಾಮೆಯನ್ನು ಕುರಿತು ಬೋಧಿಸುವುದು ಸುಲಭವಾದ ಕಾರ್ಯವಲ್ಲ. ಬಬ್ಬೂರಿನ ಆಸುಪಾಸಿನ ಮಕ್ಕಳಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ವಿರಳ. ಚಿತ್ರಪಟವನ್ನು ಗೋಡೆಗೆ ತೂಗುಹಾಕಿ, ಇದು ಆಪತ್ತಿಗೆ ಸಿಲುಕಿದ ಪ್ರಾಣಿ ಎಂದರೆ ಮಕ್ಕಳಲ್ಲಿ ಮರುಕ ಹುಟ್ಟೀತು, ತಿಳಿವಳಿಕೆ ಹುಟ್ಟದು. ಆದರೆ ಮರಳನ್ನು ಈ ಮಕ್ಕಳು ಚೆನ್ನಾಗಿ ಬಲ್ಲರು. ಕಡಲಾಮೆಯ ಬಾಳು ಆರಂಭವಾಗುವುದೂ ಮರಳಿನಲ್ಲಿಯೇ. ಪಾಠವು ಅಲ್ಲಿಂದಲೇ ಹೊರಡುವುದು ಉಚಿತ.

ಕರ್ನಾಟಕದ ಕರಾವಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆಗಳಲ್ಲಿ ಮುಖ್ಯವಾದುದು ಆಲಿವ್ ರಿಡ್ಲಿ. ಹೊನ್ನಾವರದ ಬಳಿಯ ಕಾಸರಕೋಡು ಟೊಂಕ, ಕುಂದಾಪುರದ ಕಡಲತೀರ ಮೊದಲಾದೆಡೆ ಹೆಣ್ಣಾಮೆಯು ಇರುಳಿನಲ್ಲಿ ದಂಡೆಯೇರಿ, ಹಿಂಗಾಲುಗಳಿಂದ ಸುಮಾರು ಒಂದೂವರೆ ಅಡಿಯ ಗುಳಿ ತೋಡಿ, ನೂರಕ್ಕೂ ಮಿಕ್ಕ ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಕಡಲಿಗೆ ಹಿಂದಿರುಗುತ್ತದೆ. ಮತ್ತೆ ಬಂದು ನೋಡುವುದಿಲ್ಲ. ಮುಂದಿನ 45ರಿಂದ 60 ದಿನ ಕಾವು ಕೊಡುವ ಹೊಣೆ ಮರಳಿನದು. ಮರಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಣಯಿಸುವುದೂ ಅದೇ: ಸುಮಾರು 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಒಂದು ಗಡಿಯಿದ್ದು, ಕಾವು ಅದಕ್ಕೆ ಮೀರಿದರೆ ಹೆಣ್ಣುಮರಿಗಳೇ ಹೆಚ್ಚು, ಕೆಳಗಿಳಿದರೆ ಗಂಡುಮರಿಗಳೇ ಹೆಚ್ಚು. ಭೂಮಿಯ ಉಷ್ಣತೆ ಏರುತ್ತಿರುವುದರ ಪರಿಣಾಮವನ್ನು ಮಕ್ಕಳೇ ಊಹಿಸಬಲ್ಲರು.

ಹೊರಬಂದ ಮರಿಗಳು ಹೆಚ್ಚು ಬೆಳಕಿರುವ ದಿಕ್ಕಿಗೆ ಹರಿಯುತ್ತವೆ. ಇರುಳಿನಲ್ಲಿ ಆ ಬೆಳಕು ಕಡಲಿನದಾಗಿತ್ತು. ಈಗ ಅದು ರಸ್ತೆಯ ವಿದ್ಯುದ್ದೀಪದ್ದಾಗಿರಬಹುದು.

ಸಾವಿರ ಮರಿಗಳಲ್ಲಿ ಒಂದು ಪ್ರಾಯಕ್ಕೆ ಬಂದೀತೆಂಬುದು ಸ್ಥೂಲವಾದ ಅಂದಾಜು. ತರಗತಿಯಲ್ಲಿ ಸಾವಿರ ಶೇಂಗಾಬೀಜ ಎಣಿಸಿಟ್ಟು, ಏಡಿಗೆ, ಹದ್ದಿಗೆ, ನಾಯಿಗೆ, ಮೀನಿಗೆ ಎಂದು ಹಿಡಿಹಿಡಿಯಾಗಿ ತೆಗೆಸಿ, ಕೊನೆಯ ಒಂದನ್ನು ಮೇಜಿನ ಮೇಲಿಡಬೇಕು. ಇಷ್ಟೊಂದು ನಷ್ಟವನ್ನು ತಾಳಿಕೊಂಡೇ ಈ ಕುಲ ಲಕ್ಷಾಂತರ ವರ್ಷ ಬಾಳಿದೆ. ತಾಳಲಾರದಿರುವುದು ಆ ಕೊನೆಯ ಬೀಜದ ನಷ್ಟವನ್ನು. ಕಡಲಾಮೆಗಿರುವುದು ಶ್ವಾಸಕೋಶ, ಉಸಿರಿಗಾಗಿ ಅದು ನೀರಿನ ಮೇಲಕ್ಕೆ ಬರಲೇಬೇಕು. ಟ್ರಾಲ್ ಬಲೆಯಲ್ಲಿ ಸಿಕ್ಕಿಬಿದ್ದ ಬೆಳೆದ ಆಮೆ ನೀರಿನಲ್ಲಿಯೇ ಉಸಿರುಗಟ್ಟಿ ಸಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ಸ್ಥಾನವಿದೆಯಾದರೂ ಬಲೆಗೆ ಕಾಯಿದೆಯ ಅರಿವಿಲ್ಲ. ಆಮೆಯು ಪಾರಾಗುವಂತೆ ಬಲೆಯಲ್ಲಿ ಕಂಡಿಯಿರಿಸುವ ಸಾಧನ ಉಂಟು. ಅದರಿಂದ ಮೀನೂ ಕೊಂಚ ಜಾರಿಹೋಗುತ್ತದೆಂಬ ಬೆಸ್ತರ ಅಳುಕನ್ನೂ ಮಕ್ಕಳಿಗೆ ತಿಳಿಸಬೇಕು.

ಇನ್ನು ಬಬ್ಬೂರಿಗೂ ಕಡಲಿಗೂ ಇರುವ ನಂಟು. ವೇದಾವತಿಯು ಹಿರಿಯೂರನ್ನು ದಾಟಿ, ಮುಂದೆ ಹಗರಿಯೆನಿಸಿ ತುಂಗಭದ್ರೆಯನ್ನೂ, ಅದರ ಮೂಲಕ ಕೃಷ್ಣೆಯನ್ನೂ ಸೇರಿ ಬಂಗಾಳ ಕೊಲ್ಲಿಗೆ ಸಲ್ಲುತ್ತದೆ. ಆ ಆಂಧ್ರ ತೀರದಲ್ಲಿಯೂ ಆಲಿವ್ ರಿಡ್ಲಿ ಮೊಟ್ಟೆಯಿಡುತ್ತದೆ. ದಂಡೆಯ ಮರಳು ನದಿಗಳು ಹೊತ್ತು ತಂದದ್ದು. ಹಾದಿಯುದ್ದಕ್ಕೂ ಅಣೆಕಟ್ಟುಗಳು ಹೂಳನ್ನು ತಡೆದುದರಿಂದ ಕೃಷ್ಣೆಯ ಮುಖಜಭೂಮಿಯ ಅಂಚನ್ನು ಕಡಲು ಅಲ್ಲಲ್ಲಿ ಕೊರೆಯುತ್ತಿದೆ. ಇದರಲ್ಲಿ ವೇದಾವತಿಯ ಪಾಲು ಅತ್ಯಲ್ಪ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಹಿರಿಯೂರಿನ ತೋಟಗಳಿಗೆ ನೀರುಣಿಸಿದ ಕಟ್ಟೆಯನ್ನು ದೂಷಿಸುವುದು ಪಾಠದ ಉದ್ದೇಶವಲ್ಲ. ಆದರೆ ಹೊಸ ಮರಳು ಬಾರದ ಪಾತ್ರದಿಂದ ಇದ್ದ ಮರಳನ್ನೂ ಲಾರಿಗಳಲ್ಲಿ ಸಾಗಿಸಿದರೆ, ನೀರನ್ನು ಹಿಡಿದಿಡುವ ಪದರವೇ ಹೋಗಿ ದಡದ ಬಾವಿಗಳು ಬತ್ತುತ್ತವೆ. ಆಮೆಗೆ ಗೂಡಾಗುವ ಮರಳು ಇಲ್ಲಿ ನೀರಿನ ಉಗ್ರಾಣ.

ಬೇಸಗೆಯ ಮಧ್ಯಾಹ್ನ ಅಧ್ಯಾಪಕರು ಮಕ್ಕಳನ್ನು ಒಣಗಿದ ಪಾತ್ರಕ್ಕೆ ಕರೆದೊಯ್ದು, ಉಷ್ಣಮಾಪಕದಿಂದ ಮೇಲ್ಮೈಯ ಕಾವನ್ನೂ ಒಂದೂವರೆ ಅಡಿ ಆಳದ ಕಾವನ್ನೂ ಅಳೆಯಿಸಬಹುದು. ಮೇಲೆ ಕಾಲು ಸುಡುವಾಗಲೂ ಕೆಳಗೆ ತಂಪಿರುತ್ತದೆ. ಮರಳು ಬಗೆದ ಹೊಂಡಗಳ ಬಳಿಗೆ ಮಾತ್ರ ಮಕ್ಕಳನ್ನು ಬಿಡಬಾರದು. ಕೆಲವೆಡೆ ಗುಳಿ ಅರ್ಧ ಅಡಿಗೇ ಗಟ್ಟಿನೆಲಕ್ಕೆ ತಾಗೀತು. ಅಂತಹ ಸ್ಥಳಗಳನ್ನೂ ಟಿಪ್ಪಣಿಪುಸ್ತಕದಲ್ಲಿ ಗುರುತುಮಾಡಿಸಬೇಕು.