ಮೊದಲ ಹೆಜ್ಜೆಯ ಬಲ

ಕಾಲು ಮೈಲಿ ಎಂದರೆ ಸುಮಾರು 402 ಮೀಟರು. ನಿಂತಲ್ಲಿಂದ ಹೊರಟು, ನೇರವಾದ ಹಾದಿಯಲ್ಲಿ ಇಷ್ಟು ದೂರವನ್ನು ಅತಿ ಕಡಿಮೆ ಕಾಲದಲ್ಲಿ ಕ್ರಮಿಸುವ ಕಾರುಗಳ ಸ್ಪರ್ಧೆಗೆ ‘ಡ್ರ್ಯಾಗ್ ರೇಸ್’ ಎಂದು ಹೆಸರು. ಹಳೆಯ ಸ್ಪೋರ್ಟ್ಸ್ ಕಾರಿನ ಓಟವನ್ನು ಚುರುಕುಗೊಳಿಸಲು ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿದರೆ ಸಾಲದು. ಚಕ್ರಕ್ಕೆ ನೆಲದ ಹಿಡಿತ ಬೇಕು.

ನೀರು ಚೆಲ್ಲಿದ ಶಹಾಬಾದ ಕಲ್ಲಿನ ಮೇಲೆ ಓಡಹೊರಟವನ ಕಾಲು ಜಾರುವುದನ್ನು ರಾವೂರಿನ ಮಕ್ಕಳು ಬಲ್ಲರು. ಹಿಡಿತ ತಪ್ಪಿದ ಚಕ್ರವೂ ಹಾಗೆಯೇ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ರೈಲಿನ ಎಂಜಿನ್ನು ಜಾರುವ ಹಳಿಯ ಮೇಲೆ ಮರಳು ಸುರಿಸುವುದೂ ಈ ಹಿಡಿತಕ್ಕಾಗಿಯೇ.

ಆದುದರಿಂದ ಬಲ್ಲವರು ಮೊದಲು ಮೆದು ರಬ್ಬರಿನ ಟೈರು ತೊಡಿಸುತ್ತಾರೆ; ಬೇಡದ ಭಾರವನ್ನು ಇಳಿಸುತ್ತಾರೆ; ಕ್ಲಚ್ಚನ್ನು ಹದವರಿತು ಬಿಡಲು ಕಲಿಯುತ್ತಾರೆ. ಹೊರಡುವಾಗ ಕಳೆದ ಅರೆಕ್ಷಣವನ್ನು ಕೊನೆಯ ವೇಗವು ಹಿಂದಕ್ಕೆ ತರಲಾರದು. ಈ ಸ್ಪರ್ಧೆಯಾದರೋ ಅದಕ್ಕೆಂದೇ ಮೀಸಲಾದ ಹಾದಿಗೆ ತಕ್ಕದ್ದು. ಊರ ರಸ್ತೆಯಲ್ಲಿ ಪ್ರಾಣವೇ ಪಣವಾದೀತು.