ಟ್ರ್ಯಾಕ್ಟರ್ ಏರಿದ ಹೆಣ್ಣುಮಕ್ಕಳು

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೊಲ ಅಂದರೆ ತೊಗರಿ, ಜೋಳ. ಹೊಲದಾಗ ಕಸ ತೆಗೆಯುವವರು ಯಾರು? ಹೆಚ್ಚಾಗಿ ಹೆಣ್ಣುಮಕ್ಕಳೇ.

ಹಿಂದೆ ಕಣದಾಗ ಎತ್ತು ಕಟ್ಟಿ ಹಂತಿ ಹೊಡೆಯುತ್ತಿದ್ದರು. ಈಗ ರಾಶಿ ಮಷಿನ್ ಬಂದಿದೆ. ಟ್ರ್ಯಾಕ್ಟರ್ ಬಂದಿದೆ. ಅದನ್ನು ನಡೆಸುವವರು ಹೆಚ್ಚಾಗಿ ಗಂಡಸರು.

ಒಬ್ಬ ಅಕ್ಕ ಕೇಳಿದಳು: “ಅಕ್ಕೋರೆ, ಹೆಣ್ಮಕ್ಕಳಿಗಿ ಟ್ರ್ಯಾಕ್ಟರ್ ಹೊಡೀಲಾಕ ಬರ್ತದೇನ್ರಿ?”

“ಬರ್ತದವ್ವಾ. ಹಿಂದಿನ ಮಾತು ಹೇಳ್ತೀನಿ, ಕೇಳ್ರಿ.”

1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. 1945ರವರೆಗೆ ನಡೆಯಿತು. ಆಗ ನಮ್ಮ ಈ ಭಾಗದಲ್ಲಿ ನಿಜಾಮರ ಆಳ್ವಿಕೆ ಇತ್ತು. ಭಾರತದಿಂದ ಸುಮಾರು 25 ಲಕ್ಷ ಜನ ಸೈನ್ಯ ಸೇರಿದ್ದರು.

ಇಂಗ್ಲೆಂಡಿನಲ್ಲೂ ಗಂಡಸರು ಯುದ್ಧಕ್ಕೆ ಹೋದರು. ಆ ದೇಶಕ್ಕೆ ಬಹಳಷ್ಟು ಆಹಾರ ಹಡಗಿನಲ್ಲಿ ಬರುತ್ತಿತ್ತು. ವೈರಿಗಳು ಹಡಗು ಮುಳುಗಿಸಿದರು. ಇನ್ನು ಊಟಕ್ಕೇನು? ಹೊಲ ಮಾಡುವವರು ಯಾರು?

ಇದಕ್ಕಾಗಿ ಯುದ್ಧಕ್ಕೆ ತುಸು ಮೊದಲೇ ಹೆಣ್ಣುಮಕ್ಕಳ ಭೂಸೇನೆ ಕಟ್ಟಿದ್ದರು. ಅಂಗಡಿ, ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹುಡುಗಿಯರೂ ಹೊಲಕ್ಕೆ ಬಂದರು. “ಇವರಿಂದ ಏನಾಗ್ತದ?” ಎಂದು ಕೆಲವು ರೈತರು ನಕ್ಕರು. ಹುಡುಗಿಯರು ಹಾಲು ಕರೆದರು. ಕಾಲುವೆ ತೋಡಿದರು. ಟ್ರ್ಯಾಕ್ಟರ್ ಹೊಡೆದರು. ನಗುವವರ ಬಾಯಿ ಮುಚ್ಚಿತು. 1943ರ ಹೊತ್ತಿಗೆ ಅವರು ಸುಮಾರು 80,000 ಮಂದಿ ಆದರು.

1939ರಲ್ಲಿ ಅಲ್ಲಿ ಸುಮಾರು 56,000 ಟ್ರ್ಯಾಕ್ಟರ್ ಇದ್ದವು. 1946ಕ್ಕೆ ಸುಮಾರು 2 ಲಕ್ಷ ಆದವು.

ಆದರೆ ಕೂಲಿ? ಯುದ್ಧದ ಆರಂಭದಲ್ಲಿ ಗಂಡಾಳಿಗೆ ವಾರಕ್ಕೆ ಸುಮಾರು 38 ಶಿಲಿಂಗ್. ಭೂಸೇನೆಯ ಹೆಣ್ಣಾಳಿಗೆ 28 ಶಿಲಿಂಗ್. ಶಿಲಿಂಗ್ ಅಂದರೆ ಆಗ ಅಲ್ಲಿ ನಡೆಯುತ್ತಿದ್ದ ನಾಣ್ಯ.

ಯುದ್ಧ ಮುಗಿಯಿತು. ಗಂಡಸರು ಮರಳಿದರು. 1950ರಲ್ಲಿ ಭೂಸೇನೆ ಮುಚ್ಚಿದರು. ಟ್ರ್ಯಾಕ್ಟರ್ ಹೊಲದಲ್ಲೇ ಉಳಿಯಿತು. ಬಹಳ ಹೆಣ್ಣುಮಕ್ಕಳು ಅದರಿಂದ ಇಳಿದು ಮನೆಗೆ ಹೋದರು.

ಇದನ್ನು ಕೇಳಿ ಒಬ್ಬ ಆಯಿ ಅಂದಳು: “ಹಂಗಾದ್ರ ಯುದ್ಧ ಬಂದ್ರಷ್ಟೇ ನಮ್ಮ ಕೈಯಾಗ ಮಷಿನ್ ಕೊಡ್ತಾರೇನು?”

ಯುದ್ಧ ಯಾರಿಗೂ ಬೇಡ ಆಯಿ. ಆದರೆ ಕೆಲಸಕ್ಕೆ ಗಂಡು, ಹೆಣ್ಣು ಎಂಬ ಭೇದ ಇಲ್ಲ. ಕಲಿತವರಿಗೆ ಕೆಲಸ ಬರುತ್ತದೆ. ಒಂದೇ ಕೆಲಸಕ್ಕೆ ಇಬ್ಬರಿಗೂ ಒಂದೇ ಕೂಲಿ ಎಂದು ನಮ್ಮ ದೇಶದಲ್ಲಿ 1976ರಲ್ಲೇ ಕಾಯಿದೆ ಆಯಿತು. ಅಕ್ಷರ ಬಂದರೆ ಕೂಲಿ ಲೆಕ್ಕ ನಾವೇ ಓದಬಹುದು. ಕಡಿಮೆ ಕೊಟ್ಟರೆ ಕೇಳಬಹುದು.

ಓದಿ, ಹೇಳಿ
1. ಹುಡುಗಿಯರು ಹೊಲಕ್ಕೆ ಯಾಕೆ ಬಂದರು?
2. ನಿಮ್ಮೂರಲ್ಲಿ ಮಷಿನ್ ಬಂದ ಮೇಲೆ ಯಾರ ಕೆಲಸ ಹೋಯಿತು? ಯಾರ ಕೆಲಸ ಉಳಿಯಿತು?

ಲೆಕ್ಕ ಮಾಡಿ
38ರಲ್ಲಿ 28 ಕಳೆದರೆ ಎಷ್ಟು? ನಿಮ್ಮೂರಲ್ಲಿ ಗಂಡಾಳಿನ ಕೂಲಿ ಎಷ್ಟು? ಹೆಣ್ಣಾಳಿನ ಕೂಲಿ ಎಷ್ಟು? ಬರೆದು ಕಳೆಯಿರಿ.