ಸರ ಕಿತ್ತವನ ಮೇಲೆ ಸಿಟ್ಟು ಬಂದರೆ ಧಮ್ಮ ತಪ್ಪಿದಂತೆಯೇ?

ಪ್ರಶ್ನೆ: ನನಗೆ 54 ವರ್ಷ. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಎರಡು ತಿಂಗಳ ಹಿಂದೆ ಬೆಳಗಿನ ವಾಕಿಂಗ್‌ನಲ್ಲಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಕೊರಳಿನ ಸರ ಕಿತ್ತುಕೊಂಡು ಹೋದರು. ಹಿಂದೆ ಕೂತವನ ಮುಖ ಅರೆಕ್ಷಣ ಕಂಡಿತ್ತು. ಕುತ್ತಿಗೆಯ ಗಾಯ ಮಾಯ್ದಿದೆ. ಆದರೆ ಬೈಕಿನ ಸದ್ದಾದರೆ ಕೈಕಾಲು ನಡುಗುತ್ತವೆ. ರಾತ್ರಿ ನಿದ್ದೆಯಿಲ್ಲ. ಧ್ಯಾನಕ್ಕೆ ಕಣ್ಣು ಮುಚ್ಚಿದರೆ ಅದೇ ದೃಶ್ಯ. ‘ಯಾವ ಜನ್ಮದ ಕರ್ಮವೋ’ ಎನ್ನುತ್ತಾರೆ ಅತ್ತಿಗೆ. ವಿಹಾರಕ್ಕೆ ಬರುವವರು ‘ಮೈತ್ರಿ ಭಾವನೆಯಿಂದ ಕ್ಷಮಿಸಿಬಿಡಿ’ ಎಂದರು. ಈಗ ಒಬ್ಬ ಹುಡುಗ ಸಿಕ್ಕಿದ್ದಾನೆ, ಗುರುತು ಹಿಡಿಯಲು ಬನ್ನಿ ಎಂದು ಪೊಲೀಸರು ಕರೆದಿದ್ದಾರೆ. ಅವನ ಮೇಲೆ ನನಗೆ ವಿಪರೀತ ಸಿಟ್ಟು. ಹೋದರೆ ಸೇಡು ತೀರಿಸಿಕೊಂಡಂತೆ ಆಗುವುದಿಲ್ಲವೇ?
– ಹೆಸರು ಬೇಡ, ಕಲಬುರಗಿ

ಉತ್ತರ: ಅಕ್ಕಾ, ಖಂಡಿತ ಹೋಗಿ. ಅದಕ್ಕೂ ಮೊದಲು ಅತ್ತಿಗೆಯ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಸರಕ್ಕಿಂತ ಹೆಚ್ಚಿನದನ್ನು ಆ ಮಾತು ನಿಮ್ಮಿಂದ ಕಿತ್ತುಕೊಂಡಿದೆ.

ರಾಜಗೃಹದ ವೇಣುವನದಲ್ಲಿ ಸೀವಕನೆಂಬ ಪರಿವ್ರಾಜಕ ಬುದ್ಧನನ್ನು ಇದನ್ನೇ ಕೇಳಿದ್ದ. ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ ಕರ್ಮದಿಂದಲೇ ಎನ್ನುತ್ತಾರಲ್ಲ, ನಿಜವೇ? ಬುದ್ಧ ಒಪ್ಪಲಿಲ್ಲ. ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತುವಿನ ಬದಲಾವಣೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಪರರ ಹಲ್ಲೆ, ಇವೆಲ್ಲದರಿಂದಲೂ ನೋವು ಬರುತ್ತದೆ ಎಂದ. ಕರ್ಮಫಲ ಆ ಪಟ್ಟಿಯಲ್ಲಿ ಎಂಟನೆಯದು, ಅಷ್ಟೆ. ಎಲ್ಲವನ್ನೂ ಕರ್ಮದ ತಲೆಗೆ ಕಟ್ಟುವವರು ಲೋಕವೇ ಕಂಡ ಸತ್ಯವನ್ನು ಮೀರಿ ಮಾತಾಡುತ್ತಾರೆ ಎಂದೂ ಹೇಳಿದ. ಇದು ಸಂಯುತ್ತ ನಿಕಾಯದಲ್ಲಿದೆ, ಅತ್ತಿಗೆಗೆ ತೋರಿಸಿ. 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅಂಬೇಡ್ಕರರೂ ಹಿಂದಿನ ಜನ್ಮದ ಕರ್ಮಕ್ಕೆ ಈ ಜನ್ಮದ ಕಷ್ಟವನ್ನು ಗಂಟುಹಾಕುವ ವಾದವನ್ನು ಖಾರವಾಗಿಯೇ ತಳ್ಳಿಹಾಕಿದ್ದಾರೆ. ಆ ವಾದ ಪೆಟ್ಟು ಕೊಟ್ಟವನನ್ನು ಬಿಟ್ಟು ತಿಂದವರನ್ನೇ ಹೊಣೆ ಮಾಡುತ್ತದೆ. ನೀವು ಒಬ್ಬರೇ ವಾಕಿಂಗ್ ಹೋದದ್ದಾಗಲಿ, ಸರ ಹಾಕಿಕೊಂಡದ್ದಾಗಲಿ ತಪ್ಪಲ್ಲ.

ಕ್ಷಮಿಸಿ ಎಂದವರ ಮನಸ್ಸು ಒಳ್ಳೆಯದೇ, ಆದರೆ ಅವರು ಹೇಳಿದ ಕ್ರಮ ತಲೆಕೆಳಗು. ಐದನೆಯ ಶತಮಾನದಲ್ಲಿ ಶ್ರೀಲಂಕೆಯಲ್ಲಿ ಬುದ್ಧಘೋಷ ಬರೆದ ‘ವಿಸುದ್ಧಿಮಗ್ಗ’ದ ಪ್ರಕಾರ ಮೈತ್ರಿಯನ್ನು ವೈರಿಯಿಂದ ಶುರುಮಾಡಲೇಬಾರದು. ಮೊದಲು ತನಗೆ ತಾನು, ಆಮೇಲೆ ಗೌರವದ ಗುರು, ನಂತರ ಪ್ರೀತಿಪಾತ್ರರು, ಆಮೇಲೆ ನಂಟೂ ಹಗೆಯೂ ಇಲ್ಲದವರು. ವೈರಿಯ ಸರದಿ ಕೊನೆಗೆ. ಅವನನ್ನು ನೆನೆದಾಗ ಸಿಟ್ಟೆದ್ದರೆ ಮತ್ತೆ ಹಿಂದಿನವರ ಬಳಿಗೆ ಮರಳಬೇಕು. ಸಿಟ್ಟು ಏಳುತ್ತದೆ ಎಂಬುದು ಆ ಗ್ರಂಥಕ್ಕೆ ಮೊದಲೇ ಗೊತ್ತಿತ್ತು! ಸದ್ಯಕ್ಕೆ ‘ನನಗೆ ಭಯವಿಲ್ಲದಿರಲಿ’ ಎಂಬಷ್ಟು ಸಾಕು. ಕ್ಷಮೆಗೆ ಗಡುವಿಲ್ಲ.

ಕಣ್ಣು ಮುಚ್ಚಿ ಕೂರುವುದನ್ನು ಈಗ ಬಿಡಿ. ಹಟ ಹಿಡಿದು ಕೂತರೆ ಭಯ ಇನ್ನಷ್ಟು ಬಲಿಯಬಹುದು. ಅಂಗಳದಲ್ಲೋ ಮಾಳಿಗೆಯ ಮೇಲೋ ಚಂಕ್ರಮಣ ಮಾಡಿ. ಕಣ್ಣು ತೆರೆದಿರಲಿ, ನಡಿಗೆ ನಿಧಾನವಾಗಿರಲಿ, ಅಂಗಾಲು ನೆಲ ಮುಟ್ಟುವುದರ ಮೇಲೆ ಗಮನವಿರಲಿ. ನಡುಕ, ನಿದ್ದೆಗೇಡು ತಿಂಗಳು ದಾಟಿಯೂ ಉಳಿದಿರುವುದರಿಂದ ಮನೋವೈದ್ಯರನ್ನು ಕಾಣಲೇಬೇಕು. ಇದಕ್ಕೆ ಚಿಕಿತ್ಸೆ ಇದೆ. ಟೆಲಿ ಮನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಸೇಡಿನ ಪ್ರಶ್ನೆ. ಮಗು ಬಾಯಿಗೆ ಕಲ್ಲು ಹಾಕಿಕೊಂಡರೆ ಏನು ಮಾಡುತ್ತೀ ಎಂದು ಬುದ್ಧ ಅಭಯ ರಾಜಕುಮಾರನನ್ನು ಕೇಳಿದ್ದ. ರಕ್ತ ಬಂದರೂ ಬೆರಳು ಹಾಕಿ ತೆಗೆಯುತ್ತೇನೆ, ಮಗುವಿನ ಮೇಲೆ ಕರುಣೆಯಿದೆಯಲ್ಲ ಎಂದ ಅಭಯ. ಮಾತು ನಿಜವಾಗಿದ್ದು ಹಿತವೂ ಆಗಿದ್ದರೆ, ಕೇಳುವವನಿಗೆ ಕಹಿಯಾದರೂ ಸಮಯ ನೋಡಿ ಆಡಬೇಕು ಎಂಬುದು ಬುದ್ಧನ ನಿಲುವು. ನಿಮ್ಮ ಸಾಕ್ಷಿ ಅಂಥ ಮಾತು. ಆ ಹುಡುಗ ಇನ್ನೊಬ್ಬಳ ಕೊರಳಿಗೆ ಕೈಹಾಕದಂತೆ ತಡೆಯುವುದು ಅವನಿಗೂ ಹಿತ. ಶಿಕ್ಷೆಯನ್ನು ತೀರ್ಮಾನಿಸುವವರು ನ್ಯಾಯಾಧೀಶರು. ಆ ಭಾರ ನಿಮ್ಮದಲ್ಲ.

ನಿಮ್ಮ ಪಾಲಿಗಿರುವುದು ಸುಳ್ಳಾಡದಿರುವ ಶೀಲ. ಮುಖ ಖಚಿತವಾಗಿದ್ದರೆ ಬೆರಳು ತೋರಿಸಿ. ಒಂದಿಷ್ಟು ಅನುಮಾನವಿದ್ದರೂ ‘ಖಚಿತವಿಲ್ಲ’ ಎನ್ನಿ, ಯಾರು ಒತ್ತಾಯಿಸಿದರೂ ಸರಿಯೇ. ಗುರುತು ಪತ್ತೆ ಪರೇಡ್‌ಗೆ ಮುಂಚೆ ಅವನನ್ನಾಗಲಿ ಅವನ ಫೋಟೊವನ್ನಾಗಲಿ ನೋಡಬೇಡಿ. ನೋಡಿದರೆ ನ್ಯಾಯಾಲಯದಲ್ಲಿ ನಿಮ್ಮ ಗುರುತಿಗೆ ಬೆಲೆ ಉಳಿಯುವುದು ಕಷ್ಟ. ಎಫ್‌ಐಆರ್ ಪ್ರತಿ ಕೈಗೆ ಬಂದಿರದಿದ್ದರೆ ಅಂದೇ ಕೇಳಿ ಪಡೆಯಿರಿ, ಅದು ಉಚಿತ. ವಕೀಲರು ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಅಲ್ಲಿ ನೆರವು ಪುಕ್ಕಟೆ. ಒಬ್ಬರೇ ಹೋಗಬೇಡಿ, ಅತ್ತಿಗೆಯನ್ನೇ ಜೊತೆಗೆ ಕರೆದುಕೊಳ್ಳಿ.